ಬೆರಳಿಗೂ ಶಬ್ದಕ್ಕೂ ನಡುವೆ ಒಂದು ನಮಸ್ಕಾರ

ಆದೋನಿಯಲ್ಲಿ ಹತ್ತಿಯ ದಲಾಲಿ ಅಂಗಡಿ ಇಟ್ಟಿರುವ ವಾಗೀಶನ ಹೆಂಡತಿ ಅಶ್ವಿನಿ, ಗ್ಯಾಸ್ ಬಂದಾಗಿದೆಯೇ ಎಂದು ಮೂರು ಸಲ ನೋಡುವವಳು. ಮೂರನೆಯ ಸಲ ನೋಡಿದೆನೋ ಇಲ್ಲವೋ ಎಂದು ಅನುಮಾನ ಬಂದರೆ ನಾಲ್ಕನೆಯ ಸಲವೂ ನೋಡುತ್ತಾಳೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು, ಆ ಮನೆಯಲ್ಲಿ ಗ್ಯಾಸು ಒಮ್ಮೆಯೂ ಸೋರಿಲ್ಲ. ಅದಕ್ಕೆ ತಾನೇ ಕಾರಣವೆಂಬುದು ಅವಳ ನಂಬಿಕೆ.

ಹುಟ್ಟಿ ಓದಿದ್ದೆಲ್ಲ ಬೆಂಗಳೂರು. ಅವಳ ಶಾಲೆಯ ಸಭಾಂಗಣದಲ್ಲೊಂದು ಪಿಯಾನೋ ಇತ್ತು. ಬೇರೆ ಫೀಸು ಕಟ್ಟಿದ ಮಕ್ಕಳಷ್ಟೇ ಅದನ್ನು ಮುಟ್ಟಬಹುದಿತ್ತು. ಅಶ್ವಿನಿ ಹತ್ತು ವರ್ಷ ಅದರ ಮೇಲೆ ಹೊದಿಸಿದ್ದ ಹಸಿರು ಬಟ್ಟೆಯನ್ನು ನೋಡಿದಳು. ಹೀಗಾಗಿ ಮಗಳು ಗಂಗೋತ್ರಿಗೆ ಆರು ತುಂಬಿದಾಗ ಹೈದರಾಬಾದಿನಿಂದ ಒಂದು ಹಳೆಯ ಎಲೆಕ್ಟ್ರಿಕ್ ಪಿಯಾನೋ ತರಿಸಿದಳು. ಲಾರಿಯವರು ಅದನ್ನು ಅಂಗಡಿಯ ಮುಂದೆ ಇಳಿಸಿ ಹೋದರು. ವಾಗೀಶ ರೂಢಿಯಂತೆ ಅದನ್ನು ಹತ್ತಿ ತೂಗುವ ಕಾಟಾದ ಮೇಲಿಟ್ಟ. ನಲವತ್ತೆರಡು ಕಿಲೋ. ಪಿಯಾನೋದ ವಿಷಯವಾಗಿ ಅವನಿಗೆ ಖಚಿತವಾಗಿ ಗೊತ್ತಿರುವುದು ಇವತ್ತಿಗೂ ಅದೊಂದೇ.

ಮನೆಗೆ ಬಂದ ಪಿಯಾನೋಗೆ ಅತ್ತೆ ಮಹಾಂತಮ್ಮ ವಿಭೂತಿ ಹಚ್ಚಿದರು. ಮೊಮ್ಮಗಳಿಗೆ ಮೊದಲ ಪಾಠ ಹೇಳಿದವರೂ ಅವರೇ.

“ನಿಮ್ಮಪ್ಪ ಮುಂಜಾನೆ ಅಂಗಡಿ ಬಾಗ್ಲಾ ತೆಗದ ಕೂಡ್ಲೇ ಏನ್ ಮಾಡ್ತಾನ?”

“ಕಾಟಾ ಮುಟ್ಟಿ ಕಣ್ಣಿಗೆ ಒತ್ಕೊಂತಾನ.”

“ಹಂಗ ಇದೂ. ಮುಟ್ಟದ ಬಾರಿಸಿದ್ರ ವಿದ್ಯೆ ಕೈಗೆ ಹತ್ತಂಗಿಲ್ಲ.”

ಅಂದಿನಿಂದ ಗಂಗೋತ್ರಿ ಎರಡೂ ಅಂಗೈಗಳನ್ನು ಎತ್ತಿ ಪಿಯಾನೋದ ಕೀಗಳ ಮೇಲೆ ಚಪ್ಪಟೆಯಾಗಿ ಊರಿ, ಕಣ್ಣಿಗೊತ್ತಿಕೊಂಡೇ ನುಡಿಸುತ್ತಾಳೆ. ಹಾಗೆ ಊರಿದಾಗ ಹತ್ತು ಹನ್ನೆರಡು ಸ್ವರಗಳು ಒಟ್ಟಿಗೇ ಅರಚುತ್ತವೆ. ಅಶ್ವಿನಿ ಬೇಡವೆಂದಳು. ಮಹಾಂತಮ್ಮ ಬೇಕೆಂದರು. ಹುಡುಗಿ ಅಜ್ಜಿಯ ಮಾತು ಕೇಳಿದಳು.

ಗಂಗೋತ್ರಿಗೆ ಈಗ ಒಂಬತ್ತು. ಬಳ್ಳಾರಿಯ ನಾಗಜ್ಯೋತಿ ಮೇಡಂ ಫೋನಿನಲ್ಲೇ ಪಾಠ ಹೇಳುತ್ತಾರೆ. ಈ ಬೇಸಿಗೆಯಲ್ಲಿ ಪಿಯಾನೋದ ಮೂರನೆಯ ದರ್ಜೆಯ ಪರೀಕ್ಷೆ ಬಂತು. ಮನೆಯಲ್ಲೇ ನುಡಿಸಿ, ವಿಡಿಯೋ ಮಾಡಿ, ದೂರದ ಪರೀಕ್ಷಾ ಕಚೇರಿಗೆ ಕಳಿಸಬೇಕು.

ಮೊದಲ ವಿಡಿಯೋವನ್ನು ಅಶ್ವಿನಿ ಬರೀ ಫೋನಿನಲ್ಲಿ ತೆಗೆದಳು. ಸದ್ದಾಗಬಾರದೆಂದು ಏಪ್ರಿಲ್ ಬಿಸಿಲಿನಲ್ಲಿ ಫ್ಯಾನು ಆರಿಸಿದಳು. ಮೂರು ನಿಮಿಷದ ಆ ವಿಡಿಯೋದಲ್ಲಿ ಕುಕ್ಕರಿನ ಎರಡು ಸೀಟಿ, ಬೀದಿಯಲ್ಲಿ ಹಳೇ ಕಬ್ಬಿಣ ಕೊಳ್ಳುವ ಆಟೋದ ಮೈಕಿನಿಂದ “ಪಾತ ಇನುಪ ಸಾಮಾನ್ಲು ಕೊಂಟಾಂ” ಎಂಬ ಕೂಗು, ಅದರ ಮೇಲೆ ಮಹಾಂತಮ್ಮನವರ “ಕೂಸು ಬೆವತು ನೀರಾಗೈತಿ, ಫ್ಯಾನ್ ಹಾಕ್ರೆವ್ವಾ!” ಎಲ್ಲ ಸ್ಪಷ್ಟವಾಗಿ ಕೇಳಿಸಿದವು. ಪಿಯಾನೋ ಕೂಡ ನಡುನಡುವೆ ಕೇಳಿಸಿತು.

ಇಂಟರ್‌ನೆಟ್ಟಿನಲ್ಲಿ ಉಪಾಯ ಸಿಕ್ಕಿತು. ಚಿತ್ರ ಫೋನಿನಲ್ಲಿ, ಶಬ್ದ ಪಿಯಾನೋದಿಂದ ವೈರಿನ ಮೂಲಕ ನೇರ ಲ್ಯಾಪ್‌ಟಾಪಿಗೆ. ಆಮೇಲೆ ಎರಡನ್ನೂ ಜೋಡಿಸುವುದು. ಪಿಯಾನೋಗೆ ಎರಡು ತೂತಿದ್ದವು. ಒಂದರಿಂದ ಹುಡುಗಿಯ ಕಿವಿಯ ಹೆಡ್‌ಫೋನಿಗೆ, ಇನ್ನೊಂದರಿಂದ ಲ್ಯಾಪ್‌ಟಾಪಿಗೆ ವೈರು ಹೋಯಿತು. ಕೋಣೆಯಲ್ಲಿ ಏನೂ ಕೇಳದಂತಾಯಿತು. ಮೊಮ್ಮಗಳು ಮೌನವಾಗಿ ಬೆರಳಾಡಿಸುವುದನ್ನು ಮಹಾಂತಮ್ಮ ಬಹಳ ಹೊತ್ತು ನೋಡಿದರು.

“ಸಪ್ಪಳ ಎಲ್ಲಿಗೆ ಹೋತು?”

“ವೈರಿನೊಳಗೆ ಹೋಗ್ತಿದೆ ಅತ್ತೆ.”

“ಪರೀಕ್ಷಾ ವೈರಿಗೋ, ಹುಡುಗಿಗೋ?”

ಜೋಡಿಸಲು ಒಂದು ಗುರುತು ಬೇಕು. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಕಡೆ ಆ ಚಪ್ಪಾಳೆಯನ್ನು ಹುಡುಕಿ ಹೊಂದಿಸಿ ಎಂದು ಇಂಟರ್‌ನೆಟ್ಟು ಹೇಳಿತು. ಅಶ್ವಿನಿ ತಟ್ಟಿದಳು. ಫೋನಿನಲ್ಲಿ ಚಪ್ಪಾಳೆ ಇತ್ತು, ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಇನ್ನೂ ಜೋರಾಗಿ ತಟ್ಟಿದಳು. ಭಜನೆಯಲ್ಲಿ ಪಳಗಿದ ಕೈಯೆಂದು ಅತ್ತೆಯನ್ನು ಕರೆದಳು. ಅವರು ತಟ್ಟಿದ್ದೂ ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಶುರುವಿಗೆ ಒಂದು ಅರಚಾಟ, ಹುಡುಗಿಯ ನಮಸ್ಕಾರದ್ದು. ಪರೀಕ್ಷೆಗೆ ಕಳಿಸುವ ನುಡಿಸಾಣಿಕೆಯಲ್ಲಿ ಇದೆಂಥ ಹೊಲಸು ಎಂದು ಅಶ್ವಿನಿ ಪ್ರತಿ ಸಲವೂ ಅದನ್ನು ಅಳಿಸಿಹಾಕಿದಳು. ಕೊನೆಗೆ ಕಣ್ಣಳತೆಯಲ್ಲೇ ಜೋಡಿಸಿ, ನಲವತ್ತು ಸಲ ನೋಡಿದಳು. ಅಷ್ಟು ಸಲ ನೋಡಿದ ಮೇಲೆ ಸರಿಯೂ ತಪ್ಪೂ ಒಂದೇ ತರ ಕಾಣತೊಡಗಿದವು. ಕಳಿಸಿಬಿಟ್ಟಳು.

ವಾರಕ್ಕೆ ಉತ್ತರ ಬಂತು. ಬೆರಳಿಗೂ ಶಬ್ದಕ್ಕೂ ಹೊಂದಾಣಿಕೆಯಿಲ್ಲ, ನುಡಿಸಿದ್ದು ಅಭ್ಯರ್ಥಿಯೇ ಎಂಬ ಖಾತ್ರಿಯಿಲ್ಲ, ಐದು ದಿನದೊಳಗೆ ಹೊಸ ವಿಡಿಯೋ ಬರದಿದ್ದರೆ ಪರೀಕ್ಷೆ ರದ್ದು.

ಗಂಗೋತ್ರಿ ಅದನ್ನು ಅಮ್ಮನ ಭುಜದ ಹಿಂದಿನಿಂದ ಓದಿದಳು.

“ಅಮ್ಮಾ, ನುಡಿಸಿದ್ದು ನಾನೇ ಅಲ್ವಾ?”

“ನೀನೇ ಕಣೇ.”

“ಮತ್ತೆ ಬೇರೆಯವರು ಅಂತ ಬರ್ದಾರಲ್ಲ?”

ಅಶ್ವಿನಿ ತಪ್ಪು ತನ್ನದೆಂದು ವಿವರಿಸಿದಳು. ಹುಡುಗಿ ತಲೆಯಾಡಿಸಿ, ತನ್ನ ಬೆರಳುಗಳನ್ನು ಬೇರೆ ಯಾರವೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅವತ್ತು ಅವಳು ಪಿಯಾನೋದ ಹತ್ತಿರ ಹೋಗಲಿಲ್ಲ.

ಊಟಕ್ಕೆ ಬಂದ ವಾಗೀಶ, “ಪರವಾಲೇದು ಬಿಡು, ಬರೋ ವರ್ಷ ಕೊಟ್ರಾತು” ಎಂದ.

“ವಾಗೀಶನ ಕಾಟಾದಲ್ಲಿ ಮೋಸ ಇದೆ ಅಂತ ಯಾರಾದರೂ ಬರೆದು ಕಳಿಸಿದರೆ ಬರೋ ವರ್ಷದ ತನಕ ಸುಮ್ಮನಿರ್ತೀರಾ?”

ವಾಗೀಶ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ.

ಐದರಲ್ಲಿ ಎರಡು ದಿನ ಚಪ್ಪಾಳೆಗೇ ಹೋದವು. ತಟ್ಟೆ ಬಡಿದಾಯಿತು, ದೇವರ ಕೋಣೆಯ ಗಂಟೆ ಬಾರಿಸಿಯಾಯಿತು. ಮೂರನೆಯ ದಿನ ಅಶ್ವಿನಿ ನಾಚಿಕೆ ಬಿಟ್ಟು ನಾಗಜ್ಯೋತಿ ಮೇಡಂಗೆ ಫೋನು ಮಾಡಿದಳು.

“ವೈರಿಗೆ ಕಿವಿ ಎಲ್ಲಿ ಬಂದಾವ್ರಿ?” ಎಂದರು ಮೇಡಂ. “ನೀವು ಗುಂಡು ಹಾರಿಸಿದ್ರೂ ಅದಕ್ಕ ಗೊತ್ತಾಗಂಗಿಲ್ಲ. ಪಿಯಾನೋದಾಗ ಏನ್ ಒತ್ತತೀರಿ, ಅದಷ್ಟ ಒಳಗ ಹೋಗ್ತೈತಿ.”

ಅಶ್ವಿನಿ ಮಗಳನ್ನು ಪುಸಲಾಯಿಸಿ ಕೂರಿಸಿದಳು. ಗಂಗೋತ್ರಿ ಅಂಗೈಗಳನ್ನೆತ್ತಿ ಕೀಗಳ ಮೇಲೆ ಊರಿದಳು, ಕಣ್ಣಿಗೊತ್ತಿಕೊಂಡಳು. ‘ಎಷ್ಟು ಸಲ ಹೇಳಿದೀನಿ’ ಎನ್ನಲು ಅಶ್ವಿನಿ ಬಾಯಿ ತೆರೆದಳು. ಫೋನಿನಲ್ಲಿ ಅಂಗೈ ಕೆಳಗಿಳಿದದ್ದು ಕಾಣುತ್ತಿತ್ತು. ಅದೇ ಗಳಿಗೆಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಶಬ್ದದ ಗೆರೆ ಗುಡ್ಡದಂತೆ ಎದ್ದಿತ್ತು. ಬಾಯಿ ಮುಚ್ಚಿದಳು. ತಾನು ಇಷ್ಟು ದಿನ ಹುಡುಕುತ್ತಿದ್ದದ್ದೂ ಅದೇ, ಅಳಿಸುತ್ತಿದ್ದದ್ದೂ ಅದೇ.

ನಮಸ್ಕಾರಕ್ಕೆ ನಮಸ್ಕಾರ ಹೊಂದಿಸಿದಾಗ ಶುರುವು ಸರಿಯಾಗಿ ಕೂತಿತು. ಆದರೆ ಕೊನೆ ಕೂರಲಿಲ್ಲ. ಹುಡುಗಿ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡ ಮೇಲೆ ಕೊನೆಯ ಸ್ವರ ನಿಧಾನಕ್ಕೆ ಬಂತು. ಫೋನಿನ ಗಡಿಯಾರವೂ ಲ್ಯಾಪ್‌ಟಾಪಿನ ಗಡಿಯಾರವೂ ಜೊತೆಯಾಗಿ ನಡೆಯುವುದಿಲ್ಲವಂತೆ. ಮೂರು ನಿಮಿಷದಲ್ಲಿ ಒಂದು ಇನ್ನೊಂದಕ್ಕಿಂತ ಎರಡು ಸಲ ರೆಪ್ಪೆ ಬಡಿಯುವಷ್ಟು ಹಿಂದೆ ಬೀಳುತ್ತದೆ. ಎಷ್ಟು ಹಿಂದೆ ಎಂದು ಅಳೆಯಲು ಕೊನೆಯಲ್ಲೂ ಒಂದು ಗುರುತು ಬೇಕಿತ್ತು.

ಇದನ್ನೆಲ್ಲ ಕೇಳಿಸಿಕೊಂಡ ಮಹಾಂತಮ್ಮ ಮೊಮ್ಮಗಳ ಕಡೆ ತಿರುಗಿದರು.

“ಏ ಗಂಗಿ, ಸಂಜೀಕ ಅಂಗಡಿಗೆ ಬೀಗ ಹಾಕಬೇಕಾದ್ರ ನಿಮ್ಮಪ್ಪ ಏನ್ ಮಾಡ್ತಾನ?”

“ಮತ್ತ ಕಾಟಾ ಮುಟ್ತಾನ.”

“ನೀ ಯಾಕ ಕೈ ಜಾಡಿಸಿ ಎದ್ದು ಓಡ್ತಿ?”

ನಾಲ್ಕನೆಯ ದಿನ ಗಂಗೋತ್ರಿ ಮುಟ್ಟಿ ಶುರು ಮಾಡಿದಳು, ಮುಟ್ಟಿ ಮುಗಿಸಿದಳು. ಅಶ್ವಿನಿ ಮೊದಲ ನಮಸ್ಕಾರವನ್ನು ಹೊಂದಿಸಿ, ಇಡೀ ಶಬ್ದವನ್ನು ಕೊನೆಯ ನಮಸ್ಕಾರಕ್ಕೆ ಸರಿಹೋಗುವಷ್ಟು ಕುಗ್ಗಿಸಿದಳು. ನಡುವೆ ಇದ್ದದ್ದೆಲ್ಲ ತಾನಾಗಿಯೇ ಸರಿಹೋಯಿತು. ನಮಸ್ಕಾರಗಳನ್ನು ಕತ್ತರಿಸಲಿಲ್ಲ, ಕತ್ತರಿಸಿದರೆ ಮತ್ತೇನು ಅನುಮಾನ ಬರುತ್ತದೋ ಎಂಬ ಭಯ. ಕಳಿಸುವ ಮುಂಚೆ ಅತ್ತೆಗೆ ತೋರಿಸಿದಳು. ಆ ಬೇಸಿಗೆಯಲ್ಲಿ ಮಹಾಂತಮ್ಮ ಮೊಮ್ಮಗಳ ಪರೀಕ್ಷೆಯ ಪಾಠವನ್ನು ನೆಟ್ಟಗೆ ಕೇಳಿದ್ದು ಅದೇ ಮೊದಲು.

“ಇದನ್ನ ಬಾರಸ್ತಿದ್ಲೇನು ಇಕಿ?” ಎಂದವರು, ಹತ್ತಿರ ಸರಿದು, “ಇನ್ನೊಮ್ಮೆ ಹಚ್ಚು” ಎಂದರು.

ಮೂರು ವಾರದ ಮೇಲೆ ಫಲಿತಾಂಶ ಬಂತು. ಪಾಸು. ‘ಬೆರಳೂ ಶಬ್ದವೂ ಹೊಂದುತ್ತವೆ. ಅಭ್ಯರ್ಥಿಯೇ ನುಡಿಸಿದ್ದಾರೆ.’ ಗಂಗೋತ್ರಿ ಎರಡನೆಯ ವಾಕ್ಯವನ್ನು ಮೂರು ಸಲ ಗಟ್ಟಿಯಾಗಿ ಓದಿ, ಹೋಗಿ ಪಿಯಾನೋದ ಮುಂದೆ ಕೂತಳು. ಕೆಳಗೆ ಇನ್ನೊಂದು ಸೂಚನೆಯಿತ್ತು: ಅಭ್ಯರ್ಥಿಯು ಆದಿಯಲ್ಲೂ ಅಂತ್ಯದಲ್ಲೂ ಅಂಗೈಯಿಂದ ಪಾಠದಲ್ಲಿಲ್ಲದ ಸ್ವರಗಳನ್ನು ಒತ್ತುತ್ತಾರೆ, ಮುಂದಿನ ದರ್ಜೆಯಲ್ಲಿ ಇದನ್ನು ಬಿಡತಕ್ಕದ್ದು.

ಅಶ್ವಿನಿಗೆ ಆಗಲೇ ಮುಂದಿನ ದರ್ಜೆಯ ಚಿಂತೆ ಹತ್ತಿತು. “ಅತ್ತೆ, ಇನ್ನು ಮೇಲೆ ಒಂದೇ ಬೆರಳಲ್ಲಿ ಮೆಲ್ಲಗೆ ಮುಟ್ಟಲಿ. ಗುರುತಿಗೆ ಅಷ್ಟು ಸಾಕು.”

“ಒಂದ ಬೆರಳ್ಲೆ ನಮಸ್ಕಾರ ಯಾರ್ ಮಾಡ್ತಾರವಾ? ಹತ್ತೂ ಬೇಕು.”

“ಎರಡು?”

ಮಹಾಂತಮ್ಮ ಹಣೆಯ ವಿಭೂತಿಯ ಪಟ್ಟೆಗಳನ್ನು ತೋರಿಸಿದರು. “ಮೂರು. ಇದನ್ನ ಹಚ್ಚಾದೂ ಮೂರ ಬೆರಳ್ಲೆ. ಅದಕ್ಕಿಂತ ಕಡಿಮಿ ಇಲ್ಲ.”

ಮೂರಕ್ಕೆ ಇತ್ಯರ್ಥವಾಯಿತು. ಅಶ್ವಿನಿ ಗ್ಯಾಸು ನೋಡಲು ಒಳಗೆ ಹೋದಳು.