ಬಡಿಗೇರರಿಗೆ ದಿಂಡಲ ಗಿಡ ಹೇಳಿದ ಮಾತು

ದಿಂಡಲ ಗಿಡ ಕಂಡರೆ ನಾನು ಹೆಜ್ಜೆ ತುಸು ಜೋರು ಮಾಡುತ್ತೇನೆ. ರಾಣೆಬೆನ್ನೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿದ ಮಾಸ್ತರ ಇದನ್ನು ಒಪ್ಪಿಕೊಳ್ಳಬಾರದು. ಆದರೆ ನಿಮ್ಮೆದುರು ಮುಚ್ಚಿಟ್ಟು ಏನು ಮಾಡಲಿ?

ಅದರ ತೊಗಟೆ ಬೂದಿ ಬಳಿದುಕೊಂಡ ಸನ್ಯಾಸಿಯ ಮೈಯಂತೆ. ಕಟ್ಟಿಗೆ ಮಾತ್ರ ಸಂಸಾರಿಯದು: ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಕಬ್ಬಿಣದ ಅಚ್ಚು ಬರುವ ಮೊದಲು ಚಕ್ಕಡಿಗಳು ಇದರ ಅಚ್ಚಿನ ಮೇಲೇ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿಬರುತ್ತಿದ್ದವಂತೆ. ಈಗ ಉಳಿದಿರುವುದು ಕೊಡಲಿ, ಗುದ್ದಲಿಗಳ ಕಾವು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಗಾದೆ ಕಟ್ಟಿದವನು ಈ ಗಿಡದ ಕೆಳಗೇ ಕುಳಿತಿದ್ದಿರಬೇಕು.

ಕುಪ್ಪೇಲೂರಿನ ನಮ್ಮ ಹೊಲದ ಬದುವಿನಲ್ಲಿ ಒಂದು ದಿಂಡಲವಿತ್ತು. ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು, ಕಾವು ಮಾಡಿಸೋಣವೆಂದು ಗುತ್ತಲದಿಂದ ಬಡಿಗೇರ ಮೌನೇಶಪ್ಪನವರನ್ನು ಕರೆಸಿದೆ. ಬಂದ ದಿನ ಅವರು ಗಿಡ ಮುಟ್ಟಲಿಲ್ಲ. ಸಂಜೆ ಬುಡಕ್ಕೆ ಅರಿಷಿಣ ಹಚ್ಚಿ ಕೊಡಲಿ ಒರಗಿಸಿಟ್ಟರು. ಬೆಳಗ್ಗೆ ಅದು ನಿಂತಿದ್ದರೆ ಗಿಡ ಒಪ್ಪಿದಂತೆ, ಬಿದ್ದಿದ್ದರೆ ಇಲ್ಲ ಎಂದರು. ನಾನು ನಗು ನುಂಗಿದೆ.

ಮರುದಿನ ಅವರಿಗಿಂತ ಮೊದಲು ಹೊಲಕ್ಕೆ ಹೋದೆ. ಎಲೆ ಅಲುಗುತ್ತಿರಲಿಲ್ಲ, ಹಕ್ಕಿಯ ಸದ್ದಿರಲಿಲ್ಲ. ಕೊಡಲಿ ಗಿಡದಿಂದ ಎರಡು ಮಾರು ದೂರದಲ್ಲಿ ಮಲಗಿತ್ತು. ನಾಯಿಯೋ ನರಿಯೋ ಎಂದುಕೊಂಡು ಸುತ್ತ ನೋಡಿದೆ. ಇಬ್ಬನಿಯ ಹುಲ್ಲಿನ ಮೇಲೆ ನನ್ನ ಹೆಜ್ಜೆಗಳು ಮಾತ್ರ ಇದ್ದವು. ಅಷ್ಟು ದೂರದಿಂದ ಬಂದ ಹಿರಿಯರು ಬರಿಗೈಲಿ ಹೋಗುವುದು ಬೇಡವೆಂದು, ಕೊಡಲಿ ಎತ್ತಿ ಮೊದಲಿನಂತೆ ಒರಗಿಸಿದೆ. ಅದರ ಕಾವು, ಆಗಷ್ಟೇ ಯಾರೋ ಹಿಡಿದು ಬಿಟ್ಟಂತೆ, ಬೆಚ್ಚಗಿತ್ತು.

ಮೌನೇಶಪ್ಪ ಬಂದರು. ನಿಂತ ಕೊಡಲಿಗೆ ಕೈಮುಗಿದು ಕೆಲಸಕ್ಕೆ ಹತ್ತಿದರು. ಗಿಡ ಪೂರ್ವಕ್ಕೆ ಬೀಳಲೆಂದು ಆ ಕಡೆಗೆ ಹಗ್ಗ ಬಿಗಿದಿದ್ದರು. ಬಿಸಿಲೇರಿದ ಮೇಲೆ ನೀರು ಕುಡಿಯಲೆಂದು ಪಕ್ಕದಲ್ಲಿದ್ದ ನನ್ನತ್ತ ನಾಲ್ಕು ಹೆಜ್ಜೆ ಬಂದರು. ಆಗ ಅವರ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ಗಿಡ ಹಗ್ಗ ಹರಿದುಕೊಂಡು ಪಶ್ಚಿಮಕ್ಕೆ, ಅವರು ನಿಂತಿದ್ದ ಜಾಗದ ಮೇಲೇ ಬಿತ್ತು. ಅಲ್ಲಿಟ್ಟಿದ್ದ ಬುತ್ತಿಯ ಡಬ್ಬಿ ಅಪ್ಪಚ್ಚಿಯಾಯಿತು.

ಅವರು ಹಗ್ಗದ ಹರಿದ ತುದಿಯನ್ನು ಎತ್ತಿ ನೋಡಿದರು. ಆಮೇಲೆ ಕೇಳಿದರು: "ಮಾಸ್ತರ, ಮುಂಜಾನೆ ಕೊಡ್ಲಿ ನಿಂತಿತ್ತೇನ್ರಿ?"

ಇಲ್ಲವೆಂದೆ. ನಾನೇ ಎತ್ತಿ ನಿಲ್ಲಿಸಿದೆ, ಇಂಥದನ್ನೆಲ್ಲ ನಾನು ನಂಬುವುದಿಲ್ಲ ಎಂದು ತೊದಲಿದೆ.

"ನೀವು ನಂಬಬ್ಯಾಡ್ರಿ," ಎಂದರು ಮೆಲ್ಲಗೆ. "ಆದ್ರ ಗಿಡ ಹೇಳಿದ್ದು ನನಗ. ನಡುವ ನೀವ್ಯಾಕ ಮುಚ್ಚಿಟ್ರಿ?"

ಮಧ್ಯಾಹ್ನ ಮನೆಯಲ್ಲಿ ಉಂಡರು, ಕಾವುಗಳನ್ನೂ ಕೆತ್ತಿಕೊಟ್ಟರು. ಆದರೆ ಹೊರಡುವಾಗ ಬರ್ತೇನಿ ಎನ್ನಲಿಲ್ಲ. ಮತ್ತೆಂದೂ ನಮ್ಮ ಕೆಲಸಕ್ಕೆ ಬರಲೂ ಇಲ್ಲ.

ಗಿಡ ಯಾಕೆ ತಿರುಗಿತೆಂದು ಬೊಡ್ಡೆ ನೋಡಿದಾಗ ತಿಳಿಯಿತು: ಒಳಗೆ ಒಂದು ಪಕ್ಕ ಟೊಳ್ಳಾಗಿತ್ತು. ಕೊಡಲಿ ಯಾಕೆ ಮಲಗಿತ್ತು ಎಂಬುದು ಮಾತ್ರ ನನ್ನ ವಿಜ್ಞಾನಕ್ಕೆ ಇನ್ನೂ ತಿಳಿದಿಲ್ಲ. ಅಂದಿನಿಂದ ಯಾರಾದರೂ ಇನ್ನೊಬ್ಬರಿಗೆ ಹೇಳೆಂದು ಒಂದು ಮಾತು ಕೊಟ್ಟರೆ, ಅದೆಂಥ ಹುಚ್ಚು ಮಾತೇ ಆಗಿರಲಿ, ಅಕ್ಷರ ಬಿಡದೆ ಮುಟ್ಟಿಸುತ್ತೇನೆ. ನನ್ನ ಹೆಂಡತಿ ಇದಕ್ಕೆ ಚಾಡಿ ಎನ್ನುತ್ತಾಳೆ.