ಪ್ಲಮ್ ಗಿಡ ತಂದ ಕೆಟ್ಟ ಹೆಸರು

“ಈ ಜಾತಿ ಪ್ಲಮ್‌ಗೆ ಜೋರು ಚಳಿ ಬೇಕ್ರಮ್ಮಾ. ನಿಮ್ಮ ಚನ್ನಗಿರ್ಯಾಗೆ ಇದು ಹೂ ಬಿಡೋದೇ ಇಲ್ಲ” ಎಂದು ಸೈಕಲ್ ಮೇಲೆ ಸಸಿ ಮಾರಲು ಬಂದವನು ನಮ್ಮ ಹಿತ್ತಲಲ್ಲಿ ನಿಂತು ಆರಾಮವಾಗಿ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಗಿಡವನ್ನು ನನಗೆ ಮಾರಿದವನೇ ಅವನು!

“ಕೊಡೋವಾಗ ಯಾಕೆ ಹೇಳಲಿಲ್ಲ?” ಎಂದೆ.

“ನೀವು ಕೇಳಲಿಲ್ಲವಲ್ರೀ” ಎಂದ.

ಇದು ಎಂಬತ್ತರ ದಶಕದ ಮಾತು. ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ಆಸೆಯಿಂದ ಆರಿಸಿ ನೆಟ್ಟಿದ್ದ ಗಿಡ ಅದು. ಆಳೆತ್ತರ ಬೆಳೆದರೂ ಒಂದು ಹೂ ಬಿಡಲಿಲ್ಲ. ನನ್ನ ಕೈಗುಣವೇ ಸರಿಯಿಲ್ಲವೆಂದು ಅತ್ತೆ ತೀರ್ಮಾನಿಸಿಬಿಟ್ಟರು. ಅಂದಿನಿಂದ ಅವರೆಕಾಳು ಊರಲು, ಮಲ್ಲಿಗೆ ಬಳ್ಳಿ ನೆಡಲು, ಕೊನೆಗೆ ಹಾಲಿಗೆ ಹೆಪ್ಪು ಹಾಕಲೂ ನನ್ನನ್ನು ಬಿಡುತ್ತಿರಲಿಲ್ಲ.

ಸಸಿಯವನ ಮಾತನ್ನು ಅತ್ತೆಯೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರು. ಈಗಲಾದರೂ ತಪ್ಪಾಯಿತು ಎನ್ನುತ್ತಾರೇನೋ ಎಂದು ಅವರ ಮುಖ ನೋಡಿದೆ. ಅವರು ಹೆಚ್ಚು ಚಳಿ ಬೇಡದ ಇನ್ನೊಂದು ಜಾತಿಯ ಪ್ಲಮ್ ಸಸಿಯನ್ನು ಆರಿಸಿಕೊಂಡು, “ಇದನ್ನ ನೆಡಾಕೆ ಪಕ್ಕದ ಮನೆ ಶಾರದಮ್ಮನ್ನ ಕರೀತೀನಿ. ಆಕೆ ಕೈಗುಣ ಚೆನ್ನಾಗೈತೆ” ಎಂದರು!

ಕೆಲವು ವರ್ಷಗಳ ಮೇಲೆ ಆ ಹೊಸ ಗಿಡ ಹಣ್ಣು ಬಿಟ್ಟಾಗ ಬೀದಿಯವರೆಲ್ಲ ಶಾರದಮ್ಮನನ್ನು ಹೊಗಳಿದರು. ದಿನವೂ ಬಾವಿಯಿಂದ ನೀರು ಸೇದಿ ಹಾಕಿದ ಕೈ ಯಾರದೆಂದು ಒಬ್ಬರೂ ಕೇಳಲಿಲ್ಲ. ಅದರ ಒಂದು ಹಣ್ಣನ್ನೂ ನಾನು ಬಾಯಿಗಿಡಲಿಲ್ಲ.