ಕ್ಯಾಸಿನಿಗೊಂದು ಎಳ್ಳೆಣ್ಣೆ ದೀಪ

ನನ್ನ ನಾದಿನಿ ಭಾರ್ಗವಿಗೆ ಶನಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ನನಗೆ. ಅವಳ ಜಾತಕದ ಏಳನೆಯ ಮನೆಯಲ್ಲಿ ಶನಿ ಇದ್ದಾನೆಂದು ಫಳ್ನೀರಿನಿಂದ ಬಂದ ಸಂಬಂಧ ತಪ್ಪಿಹೋಯಿತು. ಹುಡುಗ ಒಪ್ಪಿದ್ದ, ಇವಳೂ ಒಪ್ಪಿದ್ದಳು, ಹುಡುಗನ ತಾಯಿ ಒಪ್ಪಲಿಲ್ಲ. ಆ ಮಹಾತಾಯಿ ಮೊದಲು ಜಾತಕ ನೋಡಿ ಆಮೇಲೆ ನಮ್ಮ ಮನೆಯ ಬನ್ಸ್ ತಿನ್ನಬಹುದಿತ್ತು. ನಂತರ ಬಂದ ಸಂಬಂಧಗಳೂ ಅದೇ ದಾರಿ ಹಿಡಿದವು.

ಫಳ್ನೀರಿನ ಸಂಬಂಧ ತಪ್ಪಿದ್ದು ೧೯೯೭ರಲ್ಲಿ. ಅದೇ ಅಕ್ಟೋಬರಿನಲ್ಲಿ ಶನಿಗ್ರಹವನ್ನು ಹತ್ತಿರದಿಂದ ನೋಡಲು ಕ್ಯಾಸಿನಿ ಎಂಬ ನೌಕೆ ಹೊರಟಿತು, ಒಳಗೆ ಮನುಷ್ಯರಿಲ್ಲದ ಯಂತ್ರ. ಕೊಡಿಯಾಲ್‌ಬೈಲಿನ ಕಾಲೇಜಿಗೆ ಆಗಷ್ಟೇ ಫಿಸಿಕ್ಸ್ ಲೆಕ್ಚರರ್ ಆಗಿ ಸೇರಿದ್ದ ಭಾರ್ಗವಿ ಪೇಪರ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅತ್ತಿಗೆ, ಶನಿ ನನ್ನ ಮನೆಗೆ ಬಂದು ಕೂತಿದ್ದಾನಲ್ಲ, ಈಗ ಅವನ ಮನೆ ನೋಡ್ಲಿಕ್ಕೆ ಒಬ್ಬ ಹೊರಟಿದ್ದಾನೆ!"

ನಗಲಿಕ್ಕೆ ಹೋಗಿ ಅತ್ತಳು.

ನಮ್ಮದು ಪೂಜೆಯ ಮನೆತನ. ದೇವಸ್ಥಾನದ ಶನಿಗುಡಿಯ ಪೂಜೆ ಮೊದಲು ಮಾವನದು, ಅವರ ನಂತರ ನನ್ನ ಗಂಡ ಹೃಷೀಕೇಶರದು. ಮಾವ ಪ್ರತಿ ಶನಿವಾರ ಮಗಳ ಹೆಸರಲ್ಲಿ ಎಳ್ಳೆಣ್ಣೆ ದೀಪ ಹಚ್ಚಿ, ಮದುವೆಗೆ ಅಡ್ಡ ಬಂದ ದೋಷ ಕಳೆಯಲಿ ಎಂದು ಸಂಕಲ್ಪ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಇವರು ಹೇಳತೊಡಗಿದರು. ಭಾರ್ಗವಿಗೆ ಮೂವತ್ತು ದಾಟಿತು, ನಲವತ್ತು ದಾಟಿತು, ಸಂಕಲ್ಪ ನಿಲ್ಲಲಿಲ್ಲ. ನಿಲ್ಲಿಸಿದರೆ ಅವಳಿಗೆ ಇನ್ನು ಮದುವೆಯಿಲ್ಲವೆಂದು ಮನೆಯವರೇ ಹೇಳಿದ ಹಾಗೆ ಆಗುತ್ತಿತ್ತು. ಅದನ್ನು ಯಾರು ಹೇಳುವುದು? ಎಳ್ಳಿನ ಗಂಟು ಕಟ್ಟಿಕೊಡುತ್ತಿದ್ದ ನನಗೂ ಬಾಯಿ ಬರಲಿಲ್ಲ. ಅವಳು ಮಾತ್ರ ಶನಿವಾರ ಗುಡಿಯ ಕಡೆ ಸುಳಿಯುತ್ತಿರಲಿಲ್ಲ.

ಅವಳ ಶನಿಯೇ ಬೇರೆ. ಕ್ಯಾಸಿನಿ ಅಲ್ಲಿಗೆ ಮುಟ್ಟಲು ಏಳು ವರ್ಷ ಹಿಡಿಯಿತು. ಆಮೇಲೆ ಅದು ಕಳಿಸಿದ ಶನಿಯ ಬಳೆಗಳ ಚಿತ್ರ, ಮಂಜಿನ ಚಂದ್ರನಿಂದ ಚಿಮ್ಮುವ ನೀರಿನ ಚಿತ್ರ ಎಲ್ಲ ಅವಳ ಕೋಣೆಯ ಗೋಡೆಗೆ ಬಂದವು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನೆಂಟರು ನಕ್ಕರು. ನಗಲಿ, ಅವರಿಗೇನು ಹೋಗುತ್ತದೆ.

೨೦೧೭ರಲ್ಲಿ ನೌಕೆಯ ಇಂಧನ ಮುಗಿಯುತ್ತ ಬಂತು. ಅದು ದಿಕ್ಕುತಪ್ಪಿ ಅಲ್ಲಿಯ ಚಂದ್ರರಿಗೆ ಬಡಿದು, ಅಲ್ಲೇನಾದರೂ ಜೀವವಿದ್ದರೆ ತೊಂದರೆಯಾಗಬಾರದೆಂದು ವಿಜ್ಞಾನಿಗಳು ಅದನ್ನು ಶನಿಯೊಳಕ್ಕೇ ಬೀಳಿಸಿದರು. ಸೆಪ್ಟೆಂಬರಿನ ಒಂದು ಶುಕ್ರವಾರ ಸಂಜೆ ಅದರ ಕೊನೆಯ ಸಂಕೇತ ನಿಂತಿತು. ಭಾರ್ಗವಿ ಊಟ ಮಾಡಲಿಲ್ಲ.

ಮರುದಿನ ಶನಿವಾರ. ಬೆಳಿಗ್ಗೆ ಸ್ನಾನ ಮಾಡಿ ಗುಡಿಯೆದುರು ಬಂದು ನಿಂತಳು. ಇವರು ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದರು, ನಾನು ಎಳ್ಳಿನ ಗಂಟು ಹಿಡಿದು ಪಕ್ಕದಲ್ಲಿದ್ದೆ.

"ಅಣ್ಣ, ಇವತ್ತು ನನ್ನ ಹೆಸರು ಹೇಳ್ಬೇಡ. ಕ್ಯಾಸಿನಿಯ ಹೆಸರಲ್ಲಿ ಮಾಡು."

"ಎಂತ ಮಾರಾಯ್ತಿ, ಯಂತ್ರಕ್ಕೆ ಸಂಕಲ್ಪ ಉಂಟಾ? ನಕ್ಷತ್ರ ಯಾವುದು, ಗೋತ್ರ ಯಾವುದು?"

"ಹೊರಟ ದಿನ ರೇವತಿ, ಪಂಚಾಂಗ ನೋಡಿದ್ದೇನೆ. ಗೋತ್ರ ನಮ್ಮದೇ ಹಾಕು. ಇಷ್ಟು ವರ್ಷ ನನ್ನ ಜೊತೆ ಇದ್ದದ್ದು ಅದೊಂದೇ."

ಇವರು ನನ್ನ ಕಡೆ ತಿರುಗಿದರು. "ಎಂತ ವಾರಿಜಾ?"

"ಮಾಡಿ," ಎಂದೆ.

ನಮ್ಮ ಗೋತ್ರ, ರೇವತಿ ನಕ್ಷತ್ರ, ಕ್ಯಾಸಿನಿಯ ಹೆಸರು ಎಲ್ಲ ಸರಿಯಾಗಿಯೇ ಬಂತು. ಆದರೆ ಅಭ್ಯಾಸಬಿದ್ದ ನಾಲಗೆ ಅಲ್ಲಿಗೆ ನಿಲ್ಲಲಿಲ್ಲ. "ವಿವಾಹಪ್ರತಿಬಂಧಕ ದೋಷ..." ಎಂದು ಮುಂದುವರಿದು ಇವರು ತಟ್ಟನೆ ನಿಲ್ಲಿಸಿದರು. ನನಗೆ ನಗು ಬಂತು, ಭಾರ್ಗವಿಯೂ ನಕ್ಕಳು. ಇವರೊಬ್ಬರು ನಗಲಿಲ್ಲ.

"ಅದು ಬೇಡ ಅಣ್ಣ. ಸದ್ಗತಿ ಅಂತ ಹೇಳು."

ಹಾಗೇ ಹೇಳಿ ದೀಪ ಹಚ್ಚಿದರು. ಪ್ರಸಾದ ಕೊಡುವಾಗ ತಂಗಿಯ ಮುಖ ನೋಡದೆ ಕೇಳಿದರು: "ಬರುವ ಶನಿವಾರ ನಿನ್ನ ಹೆಸರಲ್ಲಿ ಹೇಳ್ತೇನೆ, ಆಯ್ತಾ?"

"ಬೇಡ ಅಣ್ಣ. ನನಗೆ ಇನ್ನು ಮದುವೆ ಆಗುದಿಲ್ಲ."

ಆ ಮಾತನ್ನು ನಮ್ಮ ಮನೆಯಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇವರು ಗುಡಿಯ ಮೆಟ್ಟಿಲಲ್ಲೇ ಕೂತು, ಪೂಜೆಗೆ ಬಂದವರ ಎದುರೇ ಬಿಕ್ಕಿಬಿಕ್ಕಿ ಅತ್ತರು. ಅಳಬೇಕಾದವಳು ಪಕ್ಕದಲ್ಲಿ ಕೂತು ಅಣ್ಣನನ್ನು ಸಮಾಧಾನ ಮಾಡಿದಳು.